ವಿಂಡೋಸ್ ಆಕ್ಟಿವೇಟ್ ಆಗಿದೆ ಅಂದ್ರೆ ಒರಿಜಿನಲ್ ಅಂತಲ್ಲ

ಸಣ್ಣ ಆಫೀಸುಗಳ ಕಂಪ್ಯೂಟರ್ ಸರ್ವಿಸ್ ನನ್ನ ಕೆಲಸ. ಹೊಸ ಕಡೆ ಹೋದರೆ ಮೊದಲು ಕಮಾಂಡ್ ಪ್ರಾಂಪ್ಟ್ ತೆಗೆದು 'ಎಸ್‌ಎಲ್‌ಎಂಜಿಆರ್ ಸ್ಲಾಶ್ ಎಕ್ಸ್‌ಪಿಆರ್' ಹೊಡೆಯುತ್ತೇನೆ. ವಿಂಡೋಸ್ ಲೈಸೆನ್ಸ್ ಪರ್ಮನೆಂಟಾ, ಇಲ್ಲಾ ಯಾವತ್ತು ಮುಗಿಯುತ್ತೆ ಅಂತ ಈ ಕಮಾಂಡ್ ತೋರಿಸುತ್ತೆ. ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವೇಟೆಡ್ ಅಂತಿದ್ದರೂ ಇದನ್ನು ಬಿಡುವುದಿಲ್ಲ.

ಮೊನ್ನೆ ಒಬ್ಬ ಆಡಿಟರ್ ಆಫೀಸಿನಲ್ಲಿ ಹೀಗೇ ನೋಡಿದೆ. ನಾಲ್ಕೇ ಪಿಸಿ, ಎಲ್ಲಾ ಸೆಕೆಂಡ್ ಹ್ಯಾಂಡ್. ಪರ್ಮನೆಂಟ್ ಅಂತ ಬರಬೇಕಾದ ಜಾಗದಲ್ಲಿ ಮುಗಿಯುವ ತಾರೀಖು ಬಂತು. ಅಂದರೆ ಕೆಎಂಎಸ್ (ಕೀ ಮ್ಯಾನೇಜ್‌ಮೆಂಟ್ ಸರ್ವಿಸ್). ಇದು ದೊಡ್ಡ ಕಂಪನಿಗಳಿಗೆ ಅಂತ ವಿಸ್ಟಾ ಕಾಲದಲ್ಲಿ ಮೈಕ್ರೋಸಾಫ್ಟ್ ತಂದ ವ್ಯವಸ್ಥೆ: ಕಂಪನಿಯೊಳಗೇ ಒಂದು ಸರ್ವರ್ ಇರುತ್ತೆ, ಪಿಸಿಗಳು ಅದನ್ನು ಕೇಳಿ 180 ದಿನಕ್ಕೆ ಲೈಸೆನ್ಸ್ ತಗೊಳ್ಳುತ್ತವೆ, ಆಮೇಲೆ 7 ದಿನಕ್ಕೊಮ್ಮೆ ರಿನ್ಯೂ ಮಾಡಿಕೊಳ್ಳುತ್ತಾ ಹೋಗುತ್ತವೆ. ಆದರೆ ಕನಿಷ್ಠ 25 ಪಿಸಿ ಕೇಳುವ ತನಕ ಆ ಸರ್ವರ್ ಯಾವ ಪಿಸಿಗೂ ಲೈಸೆನ್ಸ್ ಕೊಡುವುದೇ ಇಲ್ಲ. ನಾಲ್ಕು ಪಿಸಿ ಇರುವ ಕಡೆ ಅದು ಎಲ್ಲಿಂದ ಬಂತು? 'ಸ್ಲಾಶ್ ಡಿಎಲ್‌ವಿ' ಹೊಡೆದು ವಿವರ ನೋಡಿದರೆ ಸರ್ವರ್ ವಿಳಾಸ 127ರಿಂದ ಶುರು. ಅದು ಆ ಪಿಸಿಯದೇ ವಿಳಾಸ, ಅಂದರೆ ಒಳಗೇ ನಕಲಿ ಸರ್ವರ್ ಕೂರಿಸಿ ಕ್ರ್ಯಾಕ್ ಮಾಡಿದ್ದಾರೆ. ತನ್ನ ಉತ್ತರ ಪತ್ರಿಕೆಗೆ ತಾನೇ ಮಾರ್ಕ್ಸ್ ಹಾಕಿಕೊಂಡ ಹಾಗೆ.

ಲೈಸೆನ್ಸ್ ವಿಷಯ ಹಾಗಿರಲಿ, ನನಗೆ ಜಾಸ್ತಿ ತಲೆಬಿಸಿ ಆಗಿದ್ದು ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್ ನೋಡಿ. ಕ್ರ್ಯಾಕ್ ಹಾಕಿದವರು ಒಂದಿಡೀ ಫೋಲ್ಡರನ್ನು ಸ್ಕ್ಯಾನ್ ಮಾಡದ ಹಾಗೆ ಎಕ್ಸ್‌ಕ್ಲೂಷನ್‌ಗೆ ಸೇರಿಸಿಟ್ಟಿದ್ದರು. ಅದೇ ಪಿಸಿಯ ಎಕ್ಸೆಲ್ ಫೈಲಿನಲ್ಲಿ ಕ್ಲೈಂಟ್‌ಗಳ ಜಿಎಸ್‌ಟಿ ಪಾಸ್‌ವರ್ಡ್ ಸಾಲಾಗಿ ಕೂತಿವೆ!

"ಇಷ್ಟು ದಿನ ಏನೂ ಆಗಿಲ್ವಲ್ಲ ಸರ್" ಅಂದರು ಆಡಿಟರ್. ಮೈಕ್ರೋಸಾಫ್ಟ್‌ನ ಚೆಕಿಂಗ್ ಮೇಲೂ ಅವರಿಗೆ ನಂಬಿಕೆ ಇಲ್ಲ. ಅದರಲ್ಲಿ ತಪ್ಪಿಲ್ಲ ಬಿಡಿ, 2007ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಸರ್ವರೇ ಕೈಕೊಟ್ಟು ದುಡ್ಡು ಕೊಟ್ಟು ತಗೊಂಡವರ ವಿಂಡೋಸನ್ನೂ ನಕಲಿ ಅಂದಿತ್ತು.

ತಮಾಷೆ ಅಂದರೆ, ನಾಲ್ಕರಲ್ಲಿ ಮೂರು ಬ್ರ್ಯಾಂಡೆಡ್ ಪಿಸಿ. ವಿಂಡೋಸ್ 8ರಿಂದ ಈಚೆಗೆ ಇಂಥವುಗಳ ಫ್ಯಾಕ್ಟರಿಯಲ್ಲೇ ಹಾಕಿದ ಲೈಸೆನ್ಸ್ ಕೀ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಇರುತ್ತೆ. ಇಲ್ಲೂ ಇತ್ತು, ಹೋಮ್ ಎಡಿಷನ್‌ದು. ಮಾರಿದವರು ಅದರ ಮೇಲೆ ಸುಮ್ನೆ ಪ್ರೊ ಹಾಕಿ ಕ್ರ್ಯಾಕ್ ಮಾಡಿದ್ದರು. ಪ್ರೊ ಇಲ್ಲಿ ಯಾರಿಗೆ ಬೇಕಿತ್ತು? ಡೇಟಾ ತೆಗೆದಿಟ್ಟು, ಫಾರ್ಮ್ಯಾಟ್ ಹೊಡೆದು ಹೋಮ್ ಹಾಕಿದೆ. ನೆಟ್ ಕೊಟ್ಟ ತಕ್ಷಣ ಕೀ ಟೈಪ್ ಮಾಡದೆಯೇ ಆಕ್ಟಿವೇಟ್ ಆಯಿತು, ಎಕ್ಸ್‌ಪಿಆರ್‌ನಲ್ಲೂ ಪರ್ಮನೆಂಟ್. ಜಿಎಸ್‌ಟಿ ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಲು ಹೇಳಿದೆ. ಇಂಥ ಪಿಸಿಯ ಬೋರ್ಡ್ ಬದಲಿಸಿದರೆ ಕೀ ಹಳೇ ಬೋರ್ಡಿನ ಜೊತೆಗೇ ಹೋಗುತ್ತೆ, ಅದನ್ನೂ ಹೇಳಿ ಬಂದೆ.

ನಾಲ್ಕನೆಯದು ಅಸೆಂಬಲ್ಡ್. ಅದಕ್ಕೆ ಹೊಸ ಲೈಸೆನ್ಸ್ ತಗೊಳ್ಳಲೇಬೇಕು, ಆ ಬಿಲ್ಲಿನ ಚೌಕಾಸಿ ಇನ್ನೂ ನಡೀತಾ ಇದೆ.