ಪಕ್ಕದ ಮನೆಯವರ ನಂಬರ್ ನಿಮ್ಮ ಹತ್ರ ಇದೆಯಾ?

ದಸರಾ ರಜೆಗೆ ಅರ್ಧ ಬೀದಿ ಊರಿಗೆ ಹೊರಡುತ್ತದೆ, ಕಳ್ಳರಿಗೂ ಅದು ಗೊತ್ತು. ಗೇಟಿನೊಳಗೆ ಬಿದ್ದಿರುವ ನಾಲ್ಕು ದಿನದ ಪೇಪರ್, ಬಾಗಿಲ ಮುಂದೆ ಅಳಿಸಿಹೋದ ಹಳೇ ರಂಗೋಲಿ, ಹಗಲಲ್ಲೂ ಉರಿಯುವ ಹೊರಗಿನ ಲೈಟ್, ಇಷ್ಟು ನೋಡಿದರೆ ಸಾಕಲ್ವಾ? ನನ್ನ ಪ್ರಕಾರ ಸಿಸಿಟಿವಿಗಿಂತ ಪಕ್ಕದ ಮನೆಯವರೇ ಜಾಸ್ತಿ ಉಪಯೋಗ. ನಮ್ಮ ಬೀದಿಯಲ್ಲಿ ಯಾರಾದರೂ ಊರಿಗೆ ಹೋದರೆ ಎದುರುಮನೆ ಆಂಟಿ ಪೇಪರ್ ಎತ್ತಿಟ್ಟು, ಅವರ ಬಾಗಿಲಿಗೂ ನೀರು ಹಾಕಿ ಎರಡೆಳೆ ರಂಗೋಲಿ ಬಿಟ್ಟು ಬರುತ್ತಾರೆ.

ಠಾಣೆಗೂ ಒಂದು ಮಾತು ಹೇಳಿ ಹೋಗಿ. 2017ರಲ್ಲಿ ರಾಜ್ಯದ ಪೊಲೀಸರು ತಂದ ಸುಧಾರಿತ ಬೀಟ್ ವ್ಯವಸ್ಥೆಯಲ್ಲಿ ಆಯಾ ಬೀಟಿನ, ಅಂದರೆ ಒಬ್ಬ ಪೊಲೀಸ್ ಗಸ್ತು ನೋಡಿಕೊಳ್ಳುವ ಪ್ರದೇಶದ, ಜನರಿಗೂ ಪಾತ್ರವಿದೆ. ನಿಮ್ಮ ಬೀಟ್ ಪೊಲೀಸ್ ಯಾರು ಅಂತ ಕೇಳಿ, ಪರಿಚಯ ಮಾಡಿಕೊಳ್ಳಿ.

ಆದರೆ ಕಾವಲು ಅಂದರೆ ಹೊಸಬರನ್ನೆಲ್ಲ ಹಿಡಿದು ಹೊಡೆಯೋದಲ್ಲ. 2018ರಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ವಾಟ್ಸಾಪ್ ವದಂತಿ ನಂಬಿ, ಕೆಲಸ ಹುಡುಕಿ ಬಂದಿದ್ದ ಅಮಾಯಕನನ್ನು ಜನರೇ ಹೊಡೆದು ಕೊಂದರು. ನೆನೆದರೆ ಈಗಲೂ ಸಂಕಟವಾಗುತ್ತದೆ. ಅನುಮಾನ ಬಂದರೆ ಸುಮ್ನೆ ಗುಂಪು ಸೇರಿಸಬೇಡಿ, 112ಕ್ಕೆ ಫೋನ್ ಮಾಡಿ.