ನೂರು ನಾಣ್ಯ ಸಣ್ಣ ಸಾಲವೇನಲ್ಲ

ಯೇಸು ಬೆಟ್ಟದ ಮೇಲೆ ಮಾಡಿದ ಬೋಧನೆ, ಅಂದರೆ ಪರ್ವತ ಪ್ರಸಂಗದಲ್ಲಿ ಎರಡು ಮಾತು ಅಕ್ಕಪಕ್ಕದಲ್ಲೇ ಬರುತ್ತವೆ. ಮತ್ತಾಯ 5ನೇ ಅಧ್ಯಾಯದ 8ನೇ ವಚನದಲ್ಲಿ, ಹೃದಯ ಶುದ್ಧವಾಗಿರುವವರು ದೇವರನ್ನು ನೋಡುತ್ತಾರೆ ಅಂತ ಇದೆ. 9ರಲ್ಲಿ, ಸಮಾಧಾನ ಮಾಡಿಸುವವರು ದೇವರ ಮಕ್ಕಳು ಅನ್ನಿಸಿಕೊಳ್ಳುತ್ತಾರೆ ಅಂತ. ಸಂಡೇ ಸ್ಕೂಲಿನಲ್ಲಿ ಎರಡನ್ನೂ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದೆವು. ಆದರೆ ಮನಸ್ಸಿನಲ್ಲಿ ಅವು ಬೇರೆ ಬೇರೆ ಕಪಾಟಿನಲ್ಲಿದ್ದವು. ಶುದ್ಧ ಹೃದಯ ಅಂದರೆ ಕೆಟ್ಟ ಯೋಚನೆ ಮಾಡಬಾರದು. ಸಮಾಧಾನ ಅಂದರೆ ಜಗಳ ಆಡಬಾರದು. ಅಷ್ಟೇ.

ಈಗ ನನಗೆ ಇವೆರಡೂ ಒಂದೇ ಕೆಲಸ ಅನ್ನಿಸುತ್ತದೆ. ಇದನ್ನು ನನಗೆ ಕಲಿಸಿದ್ದು ಪ್ರಸಂಗವಲ್ಲ, ಒಂದು ನೋಟ್‌ಬುಕ್.

ಅಮ್ಮ ಹಾಸಿಗೆ ಹಿಡಿದ ಮೇಲೆ ಅದನ್ನು ಶುರು ಮಾಡಿದ್ದೆ. ಮೊದಮೊದಲು ಅದರಲ್ಲಿ ಇದ್ದದ್ದು ಮಾತ್ರೆಯ ಹೆಸರು, ಕೊಟ್ಟ ಹೊತ್ತು, ಬಿಪಿ. ಮರೆತು ಎರಡೆರಡು ಸಲ ಕೊಟ್ಟುಬಿಟ್ಟರೆ ಅಂತ ಭಯ. ಆಮೇಲೆ ಆಸ್ಪತ್ರೆಯ ಬಿಲ್ಲುಗಳು ಸೇರಿಕೊಂಡವು. ಅದಾದ ಮೇಲೆ ಯಾವಾಗಲೋ ಪುಟದ ಬಲಗಡೆ ಒಂದು ಗೆರೆ ಎಳೆದು, ಮೇಲೆ 'ರಾತ್ರಿ' ಅಂತ ಬರೆದೆ. ಅದರ ಕೆಳಗೆ ಸಾಲಾಗಿ ನಾನು, ನಾನು, ನಾನು. ಅಣ್ಣ ಬೇರೆ ಊರಿನಲ್ಲಿದ್ದ. ಅವನ ಹೆಸರಿನ ಮುಂದೆ 'ಫೋನ್ ಮಾಡಿದ' ಅಂತ ಇರುತ್ತಿತ್ತು. ಕೆಲವು ಕಡೆ 'ಫೋನೂ ಇಲ್ಲ'. ಅದನ್ನು ಎಷ್ಟು ಒತ್ತಿ ಬರೆದಿದ್ದೆ ಅಂದರೆ ಹಿಂದಿನ ಹಾಳೆಯಲ್ಲೂ ಅಚ್ಚು ಮೂಡಿತ್ತು.

ಔಷಧಿಗೆ ಅಂತ ಶುರುವಾದ ಪುಸ್ತಕ ನನಗೇ ಗೊತ್ತಿಲ್ಲದ ಹಾಗೆ ಸಾಕ್ಷಿ ಪುಸ್ತಕ ಆಗಿಬಿಟ್ಟಿತ್ತು.

ಅಮ್ಮ ತೀರಿಕೊಂಡ ಮೇಲೆ ಸ್ಮರಣೆಯ ಪ್ರಾರ್ಥನೆ ಇಟ್ಟುಕೊಂಡಿದ್ದೆವು. ಅಣ್ಣ ಎದ್ದು ನಿಂತು ಎಲ್ಲರಿಗೂ ವಂದನೆ ಹೇಳಿದ. "ನಾನೂ ನನ್ನ ತಂಗಿಯೂ ಸರದಿ ಪ್ರಕಾರ ಅಮ್ಮನನ್ನು ನೋಡಿಕೊಂಡೆವು" ಅಂದ. ನಾನು ಬಂದವರಿಗೆ ಕುರ್ಚಿ ಹಾಕುತ್ತಿದ್ದೆ. ಒಂದು ಮಾತೂ ಆಡಲಿಲ್ಲ. ಆಮೇಲೂ ಆಡಲಿಲ್ಲ. ಹಬ್ಬಕ್ಕೆ ಫೋನ್ ಮಾಡಿದರೆ ನಗುನಗುತ್ತಾ ಮಾತಾಡಿದೆ. ನಮ್ಮ ಚರ್ಚಿನ ಸಭೆಯಲ್ಲಿ ಕೆಲವರು, ಅಣ್ಣ ತಂಗಿ ಅಂದರೆ ಹೀಗಿರಬೇಕು ಅಂತ ಹೇಳಿದ್ದೂ ಇದೆ.

ಪ್ರವಾದಿ ಯೆರೆಮೀಯನ ಕಾಲದಲ್ಲೂ ಇಂಥವರಿದ್ದರು. ಜನರ ಗಾಯಕ್ಕೆ ಮೇಲೆ ಮೇಲೆ ಮದ್ದು ಹಚ್ಚಿ, ಸಮಾಧಾನ ಇಲ್ಲದ ಕಡೆ ಸಮಾಧಾನ ಸಮಾಧಾನ ಅನ್ನುತ್ತಾರೆ ಅಂತ ಅವನು ಬೈದದ್ದು 6ನೇ ಅಧ್ಯಾಯದಲ್ಲಿದೆ. ಜಗಳ ಆಡದೇ ಇರುವುದನ್ನೇ ಸಮಾಧಾನ ಅಂದುಕೊಳ್ಳುವ ಚಾಳಿ ನಮ್ಮ ಕ್ರೈಸ್ತ ಮನೆಗಳಲ್ಲಿ ಸ್ವಲ್ಪ ಜಾಸ್ತಿಯೇ ಇದೆ. "ಹೋಗಲಿ ಬಿಡು, ಕ್ಷಮಿಸಿಬಿಡು" ಅಂತ ಹಿರಿಯರು ಹೇಳುವುದು ಎಷ್ಟೋ ಸಲ ಅವರಿಗೆ ಮುಜುಗರ ಆಗದಿರಲಿ ಅಂತ, ಅಲ್ವಾ?

ಮತ್ತಾಯ 18ರಲ್ಲಿ ಯೇಸು ಹೇಳಿದ ಸಾಲಗಾರನ ಕಥೆ ಎಲ್ಲರಿಗೂ ಗೊತ್ತು. ಒಬ್ಬ ಸೇವಕನಿಗೆ ಅರಸನ ಹತ್ತು ಸಾವಿರ ತಲಾಂತು ಸಾಲ. ಅರಸ ಅದನ್ನು ಬಿಟ್ಟುಬಿಡುತ್ತಾನೆ. ಅವನು ಹೊರಗೆ ಬಂದವನೇ ತನಗೆ ನೂರು ಬೆಳ್ಳಿ ನಾಣ್ಯ ಕೊಡಬೇಕಿದ್ದ ಜೊತೆಯವನ ಕುತ್ತಿಗೆ ಹಿಡಿಯುತ್ತಾನೆ. ಒಂದು ನಾಣ್ಯ ಅಂದರೆ ಆಗಿನ ಒಂದು ದಿನದ ಕೂಲಿ. ಒಂದು ತಲಾಂತು ಸುಮಾರು 6,000 ದಿನದ ಕೂಲಿ. ಹಾಗಾದರೆ ಹತ್ತು ಸಾವಿರ ತಲಾಂತು ತೀರಿಸಲು 6 ಕೋಟಿ ದಿನ ದುಡಿಯಬೇಕು. ಒಂದು ದಿನವೂ ರಜೆ ಹಾಕದೆ 1 ಲಕ್ಷ 60 ಸಾವಿರ ವರ್ಷಕ್ಕೂ ಜಾಸ್ತಿ. ಕೇಳಿದವರು ನಕ್ಕಿರಬೇಕು.

ಇಲ್ಲಿಯವರೆಗೆ ಎಲ್ಲ ಪ್ರಸಂಗಗಳಲ್ಲೂ ಬರುತ್ತದೆ. ಆಮೇಲೆ, "ನೋಡಿ, ಅಷ್ಟು ದೊಡ್ಡ ಸಾಲ ಮಾಫಿ ಆದವನು ಜುಜುಬಿ ನೂರು ನಾಣ್ಯಕ್ಕೆ ಜಗಳ ಆಡಿದ" ಅಂತ ಮುಗಿಸುತ್ತಾರೆ. ನಾನು ಅಲ್ಲೇ ನಿಂತುಬಿಟ್ಟೆ. ನೂರು ದಿನದ ಕೂಲಿ ಜುಜುಬಿಯೇ? ದಿನಗೂಲಿಯವನಿಗೆ ಮೂರು ತಿಂಗಳ ಮೇಲಿನ ದುಡಿಮೆ ಕೈಬಿಟ್ಟರೆ ಮನೆ ನಡೆಯುವುದು ಹೇಗೆ? ಯೇಸು ಬೇಕಾಗಿದ್ದರೆ ಎರಡು ಕಾಸು ಅನ್ನಬಹುದಿತ್ತು. ಅನ್ನಲಿಲ್ಲ. ನಿಜವಾಗಿ ನೋವಾಗುವಷ್ಟು ಮೊತ್ತವನ್ನೇ ಇಟ್ಟ.

ಇದು ನನಗೆ ಎಷ್ಟು ನೆಮ್ಮದಿ ಕೊಟ್ಟಿತು ಅಂದರೆ ಹೇಳತೀರದು. ನನ್ನ ಬಲಗಡೆಯ ಸಾಲಿನಲ್ಲಿದ್ದ ರಾತ್ರಿಗಳು ಸುಳ್ಳಲ್ಲ. ದೇವರು ನನಗೆ, ಏನೂ ಆಗಲೇ ಇಲ್ಲ ಅಂದುಕೋ ಅಂತ ಹೇಳುತ್ತಿಲ್ಲ. ಏನೂ ಆಗಿಲ್ಲದಿದ್ದರೆ ಕ್ಷಮಿಸುವುದಾದರೂ ಏನನ್ನು? ಆಯಿತು, ಇಷ್ಟು ಆಯಿತು, ಇದು ನನಗೆ ಬರಬೇಕಾದದ್ದು ಅಂತ ಮೊದಲು ಗೊತ್ತಿರಬೇಕು. ಅದು ಗೊತ್ತಿದ್ದವರು ಮಾತ್ರ ಅದನ್ನು ಬಿಡಬಲ್ಲರು.

ಆದರೆ ಸಾಲ ನಿಜ ಅನ್ನುವುದು ಬೇರೆ, ಆ ಸಾಲವನ್ನು ಪ್ರೀತಿಸುವುದು ಬೇರೆ. ಹೃದಯ ಕೊಳೆಯಾಗುವುದು ಇಲ್ಲೇ ಅಂತ ನನ್ನ ಅನಿಸಿಕೆ.

ಜಾನ್ ಕ್ಯಾಸಿಯನ್ ಅಂತ ಒಬ್ಬ ಸನ್ಯಾಸಿ ಇದ್ದ. 5ನೇ ಶತಮಾನದ ಆರಂಭದಲ್ಲಿ, ಈಜಿಪ್ಟಿನ ಮರುಭೂಮಿಯ ಹಿರಿಯರಿಂದ ಕೇಳಿದ್ದನ್ನು ಬರೆದಿಟ್ಟ. ಅದರಲ್ಲಿ ಮೊದಲನೆಯದೇ ಶುದ್ಧ ಹೃದಯದ ಬಗ್ಗೆ ಮೋಶೆ ಎಂಬ ಹಿರಿಯನ ಮಾತು. ರಾಶಿ ಆಸ್ತಿಯನ್ನು ಬಿಟ್ಟು ಬಂದವರು ಆಮೇಲೆ ಒಂದು ಸಣ್ಣ ಚಾಕು, ಒಂದು ಸೂಜಿ, ಒಂದು ಲೇಖನಿಗಾಗಿ ಸಿಟ್ಟಾಗುವುದನ್ನು ನೋಡಿದ್ದೇವೆ ಅನ್ನುತ್ತಾನೆ ಅವನು. ಕೆಲವರಂತೂ ತಮ್ಮ ಪುಸ್ತಕವನ್ನು ಬೇರೆಯವರು ಮುಟ್ಟುವುದಕ್ಕೂ ಬಿಡುವುದಿಲ್ಲವಂತೆ. ಬಿಡಬೇಕಾದದ್ದನ್ನೆಲ್ಲ ಬಿಟ್ಟು ಬಂದ ಮೇಲೂ ಹಿಡಿದುಕೊಳ್ಳಲು ಏನೋ ಒಂದು ಬೇಕು ಮನುಷ್ಯನಿಗೆ. ನಾನು ಕೆಲಸ ಬಿಟ್ಟೆ, ನಿದ್ದೆ ಬಿಟ್ಟೆ. ನೋಟ್‌ಬುಕ್ ಬಿಡಲಿಲ್ಲ. ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೆ. ಬೇಜಾರಾದಾಗ ತೆಗೆದು ಓದುತ್ತಿದ್ದೆ. ಓದಿದರೆ ಒಂಥರಾ ಹಿತ. ನಾನು ಒಳ್ಳೆಯವಳು ಅಂತ ಅದರಲ್ಲಿ ದಿನಾಂಕ ಸಮೇತ ಬರೆದಿತ್ತಲ್ಲ!

ಯಾಕೋಬನ ಪತ್ರಿಕೆ 3:17 ಓದಿದಾಗ ಅಲ್ಲಿನ ಕ್ರಮ ಕಣ್ಣಿಗೆ ಬಿತ್ತು. ಮೇಲಿನಿಂದ ಬರುವ ಜ್ಞಾನ ಮೊದಲು ಶುದ್ಧವಾದದ್ದು, ಆಮೇಲೆ ಸಮಾಧಾನದ್ದು. ಹಿಂದುಮುಂದಾಗಿ ಹೇಳಿಲ್ಲ. ಒಳಗೆ ಗೆಲ್ಲುವ ಆಸೆ ಇಟ್ಟುಕೊಂಡು ರಾಜಿಗೆ ಹೋದರೆ ಆಗುವುದು ರಾಜಿ ಅಲ್ಲ, ಪಂಚಾಯಿತಿ. ನಾನು ಆ ನೋಟ್‌ಬುಕ್ ಹಿಡಿದು ಅಣ್ಣನ ಹತ್ತಿರ ಹೋಗಿದ್ದರೆ ಗೆದ್ದೇ ಗೆಲ್ಲುತ್ತಿದ್ದೆ. ಅವನು ತಲೆ ತಗ್ಗಿಸುತ್ತಿದ್ದ. ಅಲ್ಲಿಗೆ ನನಗೆ ಅಣ್ಣ ಇರುತ್ತಿರಲಿಲ್ಲ.

ಹಾಗಾದರೆ ಹೃದಯ ಶುದ್ಧ ಆಗುವುದು ಹೇಗೆ? ಉಜ್ಜಿ ತೊಳೆಯುವುದು ನಮ್ಮ ಕೈಲಾಗುವ ಕೆಲಸ ಅಲ್ಲ. ಕೀರ್ತನೆ 51ರಲ್ಲಿ ದಾವೀದ, ನಾನು ಇನ್ನು ಮೇಲೆ ಸರಿ ಇರುತ್ತೇನೆ ಅಂತ ಮಾತು ಕೊಡುವುದಿಲ್ಲ. ಶುದ್ಧ ಹೃದಯವನ್ನು ನೀನೇ ನನ್ನಲ್ಲಿ ಉಂಟುಮಾಡು ಅಂತ ಬೇಡುತ್ತಾನೆ. ಬತ್ಷೆಬೆಗಾಗಿ ಅವಳ ಗಂಡ ಊರೀಯನನ್ನು ಕೊಲ್ಲಿಸಿ, ಪ್ರವಾದಿ ನಾತಾನನ ಎದುರು ಸಿಕ್ಕಿಬಿದ್ದ ಮೇಲಿನ ಪ್ರಾರ್ಥನೆ ಅದು. ಆದರೆ ಬೇಡುವುದಂತೂ ನಮ್ಮ ಕೆಲಸವೇ. ನನ್ನ ಪ್ರಾರ್ಥನೆ ಅಲ್ಲಿಯವರೆಗೆ "ಕರ್ತನೇ, ಅಣ್ಣನಿಗೆ ಬುದ್ಧಿ ಕೊಡು" ಅಂತಿತ್ತು. ಅದನ್ನು ನಿಲ್ಲಿಸಿ, ಅವನಿಗೆ ಏನು ಬೇಕೋ ಅದನ್ನು ಕೇಳತೊಡಗಿದೆ. ಅವನ ಮಂಡಿ ನೋವು. ಅವನ ಮಗಳ ಪರೀಕ್ಷೆ. ಕೆಲಸದಲ್ಲಿ ಅವನಿಗಿದ್ದ ತಾಪತ್ರಯ. ಮೊದಲು ಬಾಯಿಂದ ಮಾತ್ರ ಬರುತ್ತಿತ್ತು, ಒಣ ಒಣ. ಎಷ್ಟೋ ದಿನ ಹಲ್ಲು ಕಚ್ಚಿಕೊಂಡೇ ಆಮೆನ್ ಅಂದಿದ್ದೇನೆ. ಒಂದು ದಿನ ಅತ್ತಿಗೆ ಫೋನ್ ಮಾಡಿದಾಗ, ಮಂಡಿ ಹೇಗಿದೆ ಅಂತ ತಾನಾಗಿಯೇ ಬಾಯಿಂದ ಬಂತು. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ನನಗೆ.

ಆಮೇಲೆ ಹೋದೆ, ಮತ್ತಾಯ 18:15 ಹೇಳುವ ಹಾಗೆ. ನೀನೂ ಅವನೂ ಇಬ್ಬರೇ ಇರುವಾಗ ತಪ್ಪನ್ನು ತಿಳಿಸು ಅಂತ ಇದೆ ಅಲ್ಲಿ. ಚಿಕ್ಕಪ್ಪನಿಗೆ ಹೇಳು, ವಾಟ್ಸಾಪಿನಲ್ಲಿ ಹಾಕು ಅಂತ ಇಲ್ಲ.

"ಅಣ್ಣ, ಅವತ್ತು ಸರದಿ ಪ್ರಕಾರ ನೋಡಿಕೊಂಡೆವು ಅಂದೆಯಲ್ಲ, ಅದು ನಿಜ ಅಲ್ಲ. ನನಗೆ ತುಂಬ ನೋವಾಯಿತು" ಅಂದೆ.

ಅವನು ಸುಮ್ಮನೆ ಕೂತ. ಆಮೇಲೆ, "ಬರೋಕೆ ಭಯ ಆಗ್ತಿತ್ತು ಕಣೇ. ಅಮ್ಮನ್ನ ಹಾಗೆ ನೋಡೋಕೆ ನನ್ನ ಕೈಲಿ ಆಗ್ತಿರಲಿಲ್ಲ" ಅಂದ.

"ನನ್ನ ಕೈಲಿ ಮಾತ್ರ ಆಗ್ತಿತ್ತಾ?" ಅಂತ ಕೇಳಿಯೇಬಿಟ್ಟೆ. ಕೇಳಬೇಕಾಗಿತ್ತು, ಕೇಳಿದೆ. ಇಬ್ಬರೂ ಅತ್ತೆವು. ತಬ್ಬಿಕೊಂಡೆವು, ಎಲ್ಲ ಸರಿಹೋಯಿತು ಅಂತೆಲ್ಲ ಬರೆಯಲಾರೆ. ಕ್ಷಮಿಸು ಅನ್ನುವ ಮಾತು ಅವನ ಬಾಯಿಂದ ಅವತ್ತು ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ. ನಾನು ಆ ಸಾಲ ಬಿಟ್ಟಿದ್ದೇನೆ. ಬಿಟ್ಟದ್ದು ಕೆಲವು ದಿನ ಮತ್ತೆ ನೆನಪಾಗುತ್ತದೆ, ಮತ್ತೆ ಬಿಡಬೇಕಾಗುತ್ತದೆ. ಎಷ್ಟು ಸಾರಿ ಕ್ಷಮಿಸಬೇಕು ಅಂತ ಶಿಷ್ಯ ಪೇತ್ರ ಕೇಳಿದ್ದಕ್ಕೆ ಯೇಸುವಿನಿಂದ ಸಿಕ್ಕ 'ಏಳೆಪ್ಪತ್ತು ಸಾರಿ' ಅನ್ನುವ ಉತ್ತರ, ಬೇರೆ ಬೇರೆ ತಪ್ಪಿಗೆ ಮಾತ್ರ ಅಲ್ಲ, ಒಂದೇ ತಪ್ಪಿಗೂ ಇರಬೇಕು.

ಆದಿಕಾಂಡದಲ್ಲಿ, ಅಣ್ಣನಿಗೆ ಸಿಗಬೇಕಿದ್ದ ಆಶೀರ್ವಾದವನ್ನು ಮೋಸದಿಂದ ಪಡೆದು ಓಡಿಹೋಗಿದ್ದ ಯಾಕೋಬ ವಾಪಸ್ ಬಂದು ಆ ಅಣ್ಣ ಏಸಾವನನ್ನು ಎದುರುಗೊಳ್ಳುವ ಭಾಗ ಈಗ ನನಗೆ ಬೇರೆಯೇ ಥರ ಕೇಳಿಸುತ್ತದೆ. ಏಸಾವ 400 ಜನರ ಜೊತೆ ಬರುತ್ತಿದ್ದಾನೆ ಅಂತ ಸುದ್ದಿ. ಯಾಕೋಬ ಹೆದರಿ ಆಡು, ಕುರಿ, ಒಂಟೆ, ಹಸು, ಹೋರಿ, ಕತ್ತೆ ಅಂತ ಮುಂಚೆಯೇ ಕಾಣಿಕೆ ಕಳಿಸುತ್ತಾನೆ. ಒಂಟೆಯ ಮರಿಗಳನ್ನು ಬಿಟ್ಟೇ 550. ರಾತ್ರಿಯೆಲ್ಲ ಒಬ್ಬ ಅಪರಿಚಿತನ ಜೊತೆ ಹೋರಾಡಿ, ದೇವರನ್ನು ಮುಖಾಮುಖಿಯಾಗಿ ನೋಡಿದೆ ಅಂತ ಆ ಜಾಗಕ್ಕೆ ಪೆನೀಯೇಲ್ ಅಂತ ಹೆಸರಿಡುತ್ತಾನೆ. ಬೆಳಿಗ್ಗೆ ಏಸಾವ ಓಡಿ ಬಂದು ಅಪ್ಪಿಕೊಂಡಾಗ ಅವನಿಗೆ ಹೇಳುತ್ತಾನೆ, ನಿನ್ನ ಮುಖ ನೋಡಿದ್ದು ದೇವರ ಮುಖ ನೋಡಿದ ಹಾಗಾಯಿತು ಅಂತ. ದೇವರನ್ನು ನೋಡುವುದು, ಅಣ್ಣತಮ್ಮಂದಿರು ಒಂದಾಗುವುದು, ಎರಡೂ ಒಂದೇ ಬೆಳಗಿನಲ್ಲಿ.

ಅದಕ್ಕಿಂತ ನನಗೆ ಇಷ್ಟ ಆಗುವುದು ಆಮೇಲಿನದು. ಬಾ, ಜೊತೆಗೆ ಹೋಗೋಣ ಅನ್ನುತ್ತಾನೆ ಏಸಾವ. ಮಕ್ಕಳು ಚಿಕ್ಕವರು, ಮರಿಗಳಿವೆ, ನೀನು ಮುಂದೆ ನಡೆ, ನಿಧಾನಕ್ಕೆ ನಿನ್ನ ನಾಡು ಸೇಯೀರಿಗೆ ಬರುತ್ತೇನೆ ಅನ್ನುತ್ತಾನೆ ಯಾಕೋಬ. ಹೋಗುವುದು ಸುಕ್ಕೋತಿಗೆ! ಅವರು ಒಟ್ಟಿಗೆ ಬಾಳಲಿಲ್ಲ. ಮುಂದೆ ಅಪ್ಪ ಇಸಾಕ ತೀರಿಕೊಂಡಾಗ ಇಬ್ಬರೂ ಸೇರಿ ಹೂಳಿದರು ಅಂತ 35ನೇ ಅಧ್ಯಾಯದಲ್ಲಿದೆ. ಅಷ್ಟು ಸಾಕಾಗುತ್ತದೆ ಎಷ್ಟೋ ಮನೆಗಳಿಗೆ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಸಮಾಧಾನದ ಹೆಸರಿನಲ್ಲಿ ಹೊಡೆಯುವ ಗಂಡನ ಮನೆಗೆ ಹೆಣ್ಣುಮಗಳನ್ನು ವಾಪಸ್ ಕಳಿಸುವವರನ್ನು ನೋಡಿದ್ದೇನೆ, ಅದೂ ಕೈಯಲ್ಲಿ ಸತ್ಯವೇದ ಹಿಡಿದುಕೊಂಡೇ. ರೋಮಾಪುರದವರಿಗೆ ಬರೆದ ಪತ್ರಿಕೆ 12:18ರಲ್ಲಿ ಪೌಲ, ಸಾಧ್ಯವಾದರೆ, ನಿಮ್ಮಿಂದ ಆಗುವ ಮಟ್ಟಿಗೆ ಅಂತ ಎರಡು ಷರತ್ತು ಹಾಕಿಯೇ ಎಲ್ಲರ ಜೊತೆ ಸಮಾಧಾನವಾಗಿರಿ ಅಂದದ್ದು. ಏಟು ಬೀಳುವ ಜಾಗದಿಂದ ದೂರ ಹೋಗಿ, ಪೊಲೀಸರಿಗೆ ಹೇಳಿ, ಆಮೇಲೂ ಕ್ಷಮಿಸಬಹುದು. ಕ್ಷಮಿಸಲು ಹತ್ತಿರವೇ ಇರಬೇಕು ಅಂತ ಯಾವ ವಚನವೂ ಹೇಳುವುದಿಲ್ಲ.

ಈಗ ನಮ್ಮ ಸಭೆಯಲ್ಲಿ ಜಗಳ ಆದರೆ ನನ್ನನ್ನು ಕರೆಯುತ್ತಾರೆ. ಯಾಕೋ ಗೊತ್ತಿಲ್ಲ, ವಯಸ್ಸಿಗೆ ಇರಬೇಕು. ಸದ್ಯ ಕ್ವಾಯರಿನಲ್ಲಿ, ಅಂದರೆ ಚರ್ಚಿನ ಹಾಡುವ ತಂಡದಲ್ಲಿ, ಇಬ್ಬರು ಅಕ್ಕಂದಿರು ಮಾತಾಡುತ್ತಿಲ್ಲ. ಅಭ್ಯಾಸ ಮಾಡಿದ ಹಾಡನ್ನು ಭಾನುವಾರ ಬೆಳಿಗ್ಗೆ ಒಬ್ಬರು ಬದಲಾಯಿಸಿದರಂತೆ. ಅಷ್ಟಕ್ಕೇ ಕೆಳದನಿಯಲ್ಲಿ ಹಾಡುವ ಹೆಂಗಸರ ಇಡೀ ಆಲ್ಟೋ ಸಾಲು ಎರಡು ಪಕ್ಷ. ಪೌಲ ಪತ್ರ ಬರೆದ ಫಿಲಿಪ್ಪಿ ಊರಿನ ಸಭೆಯಲ್ಲೂ ಯುವೊದ್ಯ, ಸಂತುಕೆ ಅಂತ ಇಬ್ಬರು ಹೆಂಗಸರು ಹೀಗೇ ಮುನಿಸಿಕೊಂಡಿದ್ದರು. ಯಾರದು ಸರಿ ಅಂತ ಪೌಲ ಬರೆಯಲಿಲ್ಲ. ಒಂದಾಗಿ ಅಂತ ಇಬ್ಬರನ್ನೂ ಬೇರೆ ಬೇರೆಯಾಗಿ ಬೇಡಿಕೊಂಡು, ಮೂರನೆಯವರೊಬ್ಬರಿಗೆ ಸಹಾಯ ಮಾಡಿ ಅಂದ.

ಮೂರನೆಯವಳಾಗಿ ನಾನು ಕೇಳುವುದು ಒಂದೇ ಪ್ರಶ್ನೆ. "ಅವರಿಗೆ ಏನಾಗಬೇಕು ಅಂತ ನಿಮ್ಮ ಮನಸ್ಸಿನಲ್ಲಿದೆ, ಅಕ್ಕ?" ಒಬ್ಬರು, "ಅವರಿಗೆ ಗೊತ್ತಾಗಬೇಕು, ಅಷ್ಟೇ" ಅಂದರು. ಹಾಗಿದ್ದರೆ ಈ ವಾರ ಕೂರುವುದು ಬೇಡ ಅಂದೆ. ಇನ್ನೊಬ್ಬರು, "ನನ್ನದೇನೂ ಇಲ್ಲಪ್ಪ, ಅವರಿಗೇ ನನ್ನ ಮೇಲೆ ಸಿಟ್ಟು" ಅಂದರು. ಅವರಿಗೆ ಮತ್ತಾಯ 5:23 ತೆರೆದು ತೋರಿಸಿದೆ. ಅಲ್ಲಿರುವುದು ನಿನಗೆ ಸಿಟ್ಟಿದ್ದರೆ ಅಂತಲ್ಲ, ನಿನ್ನ ಮೇಲೆ ಸಹೋದರನಿಗೆ ಏನಾದರೂ ಇದ್ದರೆ ಅಂತ. ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು ಹೋಗಿ ಒಂದಾಗಿ ಬಾ ಅಂದ ಯೇಸು. ಆ ಮಾತು ಆಡಿದ್ದು ಗಲಿಲಾಯದಲ್ಲಿ, ಬಲಿಪೀಠ ಇದ್ದದ್ದು ಜೆರುಸಲೇಮಿನಲ್ಲಿ. ನಡೆದು ಹೋಗಿ ಬರಲು ದಿನಗಟ್ಟಲೆ ಬೇಕು. ಇವರಿಬ್ಬರ ಕುರ್ಚಿಗಳ ನಡುವೆ ಇರುವುದು ನಾಲ್ಕು ಹೆಜ್ಜೆ.

"ಮೊದಲು ಅವರೇ ಬರಲಿ" ಅಂದರು. ಈ ಭಾನುವಾರ ಕರ್ತನ ಭೋಜನ ಇದೆ, ಎಲ್ಲರೂ ಒಟ್ಟಾಗಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ. ಶನಿವಾರ ಅಭ್ಯಾಸ ಮುಗಿದ ಮೇಲೆ ಇಬ್ಬರನ್ನೂ ಇನ್ನೊಮ್ಮೆ ಕೇಳುತ್ತೇನೆ, ಬೇರೆ ಬೇರೆಯಾಗಿ.