ಪಾಸ್ಟರ್‌ಗೆ ನಾಲ್ಕು ತಿಂಗಳು ರಜೆ, ಅಪ್ಪನಿಗೆ ಟೈಫಾಯ್ಡ್

ಇಲ್ಲಿ ಅಮೆರಿಕದಲ್ಲಿ ನಮ್ಮ ಚರ್ಚ್‌ನ ಪಾಸ್ಟರ್ ನಾಲ್ಕು ತಿಂಗಳ ರಜೆಯ ಮೇಲೆ ಹೋದರು. ಕಾಯಿಲೆ ಇಲ್ಲ, ಬಾಣಂತನ ಇಲ್ಲ, ಯಾರ ಜೊತೆಯೂ ಜಗಳವಿಲ್ಲ. ಸಂಬಳ ಎಂದಿನ ಹಾಗೆ ಬರುತ್ತದೆ. ಸಬ್ಯಾಟಿಕಲ್ ಅಂತಾರಲ್ಲ, ಯೂನಿವರ್ಸಿಟಿ ಪ್ರೊಫೆಸರ್‌ಗಳಿಗೆ ಇರುತ್ತದೆ, ಅದೇ. ಕೆಲವು ವರ್ಷ ಸೇವೆ ಮಾಡಿದ ಮೇಲೆ ಓದಲಿಕ್ಕೆ, ಪ್ರಾರ್ಥನೆಗೆ, ಕಣ್ತುಂಬ ನಿದ್ದೆ ಮಾಡಲಿಕ್ಕೆ ಬಿಟ್ಟುಕೊಡುವ ಕಾಲ. ಬೈಬಲ್‌ನ ಯಾಜಕಕಾಂಡದಲ್ಲಿ ಏಳನೇ ವರ್ಷ ಹೊಲಕ್ಕೂ ಬಿಡುವು ಕೊಡಿ ಅಂತ ಇದೆ, ಆ ಲೆಕ್ಕ.

ಅವರು ಹೊರಡುವ ಮುಂಚಿನ ಭಾನುವಾರ ಹಿರಿಯರೊಬ್ಬರು ಎದ್ದು ನಿಂತು ನಿಯಮ ಓದಿದರು. ಪಾಸ್ಟರ್‌ಗೆ ಫೋನ್ ಮಾಡಬೇಡಿ, ಇಮೇಲ್ ಬರೆಯಬೇಡಿ, ಅಂಗಡಿಯಲ್ಲಿ ಎದುರಾದರೆ ಚೆನ್ನಾಗಿದ್ದೀರಾ ಅನ್ನಿ, ಚರ್ಚ್‌ನ ಸೂರು ಸೋರುವ ವಿಷಯ ಮಾತ್ರ ಎತ್ತಬೇಡಿ. ಎಲ್ಲರೂ ನಕ್ಕರು. ನನಗೆ ನಿಜವಾಗಿಯೂ ಆಶ್ಚರ್ಯವಾಯಿತು.

ದುಡ್ಡು ಎಲ್ಲಿಂದ ಅಂತೀರಾ? ನಾವಿರುವುದು ಇಂಡಿಯಾನಾಪೊಲಿಸ್‌ನಲ್ಲಿ. ಇನ್ಸುಲಿನ್ ಮಾಡುವ ಲಿಲ್ಲಿ ಕಂಪನಿ ಇದೇ ಊರಿನದು. ಆ ಮನೆತನದವರು 1937ರಲ್ಲಿ ಶುರು ಮಾಡಿದ ಲಿಲ್ಲಿ ಎಂಡೋಮೆಂಟ್ ಅನ್ನುವ ದತ್ತಿಸಂಸ್ಥೆ, ಹೀಗೆ ರಜೆ ಹೋಗುವ ಪಾಸ್ಟರ್‌ಗಳಿಗಾಗಿ ಅವರ ಚರ್ಚ್ ಸಭೆಗಳಿಗೆ ದುಡ್ಡು ಕೊಡುತ್ತದೆ. ಬಹಳ ವರ್ಷ ಅದರ ಮಿತಿ 50,000 ಡಾಲರ್ ಇತ್ತು, ಅದರಲ್ಲಿ 15,000ದವರೆಗೆ ಸಭೆಯ ಖರ್ಚಿಗೆ, ಅಂದರೆ ಬದಲಿ ಪಾಸ್ಟರ್‌ಗೆ ಮತ್ತೊಂದಕ್ಕೆ. ಅರ್ಜಿ ಹಾಕುವವರಿಗೆ ಅವರು ಕೇಳುವ ಮುಖ್ಯ ಪ್ರಶ್ನೆ ಏನು ಗೊತ್ತಾ? ನಿಮ್ಮ ಮನಸ್ಸು ಯಾವುದಕ್ಕೆ ಹಾಡುತ್ತದೆ? ನಮ್ಮ ಪಾಸ್ಟರ್ ಸ್ಕಾಟ್ಲೆಂಡಿನ ಅಯೋನಾ ದ್ವೀಪ ಅಂತ ಬರೆದಿದ್ದರು. 563ರಲ್ಲಿ ಕೊಲಂಬಾ ಅನ್ನುವ ಸನ್ಯಾಸಿ ಬಂದು ಮಠ ಕಟ್ಟಿದ ಜಾಗ ಅದು. ಗಂಡ, ಮಕ್ಕಳನ್ನೂ ಕರೆದುಕೊಂಡು ಹೋದರು.

ಇಷ್ಟನ್ನೂ ನನ್ನ ಮಗಳು ಹಾಸನದಲ್ಲಿರುವ ತಾತ ಅಜ್ಜಿಗೆ ವಿಡಿಯೊ ಕಾಲ್‌ನಲ್ಲಿ ಒಪ್ಪಿಸಿದಳು. ಅಮ್ಮ ಕೇಳಿದ ಮೊದಲ ಪ್ರಶ್ನೆ, "ಅಷ್ಟರಲ್ಲಿ ಯಾರಾದ್ರೂ ಸತ್ರೆ?" ರಿಟೈರ್ಡ್ ಪಾಸ್ಟರ್ ಒಬ್ಬರು ಬರ್ತಾರಮ್ಮ ಅಂದೆ. ಆಗ ಮಗಳು ನನ್ನ ಅಪ್ಪನನ್ನು, ಅವರೂ ಪಾಸ್ಟರ್ ಆಗಿದ್ದವರೇ, ಕೇಳಿದಳು, "ತಾತ, ನೀವು ಸಬ್ಯಾಟಿಕಲ್‌ಗೆ ಎಲ್ಲಿಗೆ ಹೋಗಿದ್ರಿ?"

ಹೋಗಿದ್ದಿರಾ ಅಂತ ಅಲ್ಲ. ಎಲ್ಲಿಗೆ ಅಂತ.

"ಆಸ್ಪತ್ರೆಗೆ ಕಣಮ್ಮ. ಟೈಫಾಯ್ಡ್ ಬಂದಿತ್ತು" ಅಂದರು ಅಪ್ಪ, ಜೋರಾಗಿ ನಗುತ್ತಾ. ಅಮ್ಮ ಹಿಂದಿನಿಂದ, "ಅಲ್ಲೂ ಪಕ್ಕದ ಹಾಸಿಗೆಯವರಿಗೆಲ್ಲ ಪ್ರಾರ್ಥನೆ ಮಾಡ್ತಾ ಕೂತಿದ್ರು" ಅಂದರು. ಮಗಳೂ ನಕ್ಕಳು. ನನಗೆ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಅಪ್ಪ ಸಭಾಪಾಲಕರು. ಕೆಲವು ವರ್ಷಕ್ಕೊಮ್ಮೆ ವರ್ಗ, ಹೊಸ ಊರು, ಪಾರ್ಸನೇಜ್ ಅಂತ ಚರ್ಚ್ ಕೊಡುವ ಹೊಸ ಮನೆ, ಹಳೇ ಲೂನಾ. ಮನೆ ಬಾಗಿಲಿಗೆ ಬೀಗ ಇತ್ತೋ ಇಲ್ಲವೋ ನೆನಪಿಲ್ಲ, ಹಾಕಿದ್ದನ್ನಂತೂ ನೋಡಿಲ್ಲ. ಬೆಳಗ್ಗೆ ಆರಕ್ಕೇ ಯಾರೋ ಬಂದು ಕೂರುತ್ತಿದ್ದರು, ಮಗಳ ಮದುವೆ, ಅಣ್ಣತಮ್ಮಂದಿರ ಜಾಗದ ತಕರಾರು, ಮಗನಿಗೆ ಸ್ಕೂಲ್ ಸೀಟು, ಎಲ್ಲಕ್ಕೂ ಅಯ್ಯನವರೇ ಬೇಕು, ಬಂದವರಿಗೆಲ್ಲ ಅಮ್ಮ ಕಾಫಿ ಮಾಡಬೇಕು. ಬೆಳೆಹಬ್ಬದ ದಿನ ಜನ ಚರ್ಚ್‌ಗೆ ತಂದುಕೊಟ್ಟ ಕೋಳಿ, ಹಲಸಿನಹಣ್ಣು, ಕುಂಬಳಕಾಯಿ ಹರಾಜು ಕೂಗುವುದರಿಂದ ಹಿಡಿದು ಸಂಜೆ ಬೆಂಚು ಎತ್ತಿಡುವವರೆಗೆ ಅಪ್ಪ ನಿಂತೇ ಇರುತ್ತಿದ್ದರು. ಒಂದು ಸೋಮವಾರ ಮಧ್ಯಾಹ್ನ ಜಗಲಿಯಲ್ಲಿ ಕೂತು ಓದುತ್ತಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಸಭೆಯ ಹಿರಿಯರೊಬ್ಬರು, "ಏನ್ ಅಯ್ಯನವರೇ, ಇವತ್ತು ಕೆಲಸ ಇಲ್ವಾ?" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ ಬಿಡಿ. ಅಪ್ಪ ಪುಸ್ತಕ ಮುಚ್ಚಿ ಎದ್ದರು. ಆಮೇಲೆ ಒಳಗಿನ ಕೋಣೆಯಲ್ಲೇ ಓದುತ್ತಿದ್ದರು.

ಬೈಬಲ್‌ನ ಪ್ರವಾದಿ ಎಲೀಯನ ಕಥೆ ಅಪ್ಪನಿಗೆ ಇಷ್ಟದ ಪ್ರಸಂಗ. ಸಾಕಾಯ್ತು, ಸಾಯ್ತೀನಿ ಅಂತ ಗಿಡದ ಕೆಳಗೆ ಮಲಗಿದವನಿಗೆ ದೇವದೂತ ಬುದ್ಧಿ ಹೇಳುವುದಿಲ್ಲ, ರೊಟ್ಟಿ ನೀರು ಕೊಡುತ್ತಾನೆ, ಅವನು ತಿಂದು ಮತ್ತೆ ಮಲಗುತ್ತಾನೆ. ಇದನ್ನು ಎಷ್ಟು ಊರಲ್ಲಿ ಹೇಳಿದ್ದಾರೋ. ಕೇಳಿದವರು ಯಾರೂ, ಹಾಗಾದ್ರೆ ನೀವೂ ಸ್ವಲ್ಪ ಮಲಗಿ ಅಯ್ಯನವರೇ ಅನ್ನಲಿಲ್ಲ. ನಿವೃತ್ತಿಯ ದಿನ ಶಾಲು ಹೊದಿಸಿ, "ಒಂದು ದಿನವೂ ರಜೆ ಹಾಕಿದವರಲ್ಲ" ಅಂತ ಭಾಷಣ ಮಾಡಿದರು. ಈಗ ಯೋಚಿಸಿದರೆ ಅದು ಹೊಗಳಿಕೆ ಹೇಗಾಗುತ್ತದೆ ಅಂತಲೇ ಗೊತ್ತಾಗುವುದಿಲ್ಲ.

ಹಾಗಂತ ಇಲ್ಲಿಯದೆಲ್ಲ ಚೆನ್ನ ಅಂತಲೂ ಅಲ್ಲ. ಇಲ್ಲಿ ವಿಶ್ರಾಂತಿಗೂ ಟೈಮ್‌ಟೇಬಲ್ ಬೇಕು, ಬಜೆಟ್ ಬೇಕು, ಮುಗಿದ ಮೇಲೆ ವರದಿ ಬೇಕು. ಪಾಸ್ಟರ್ ಮನೆಗೆ ಯಾರೂ ಹೇಳದೆ ಕೇಳದೆ ಹೋಗುವುದಿಲ್ಲ. ನನಗೆ ಆಪರೇಷನ್ ಆದಾಗ ಚೆಂದದ ಕಾರ್ಡ್ ಬಂತು, ಸರದಿ ಪ್ರಕಾರ ಊಟವೂ ಬಂತು. ಅಪ್ಪ ಆಗಿದ್ದರೆ ರಾತ್ರಿಯೇ ಲೂನಾ ಹತ್ತಿ ಬಂದಿರುತ್ತಿದ್ದರು. ಎರಡೂ ಒಟ್ಟಿಗೆ ಯಾಕಿರಬಾರದು ಅನ್ನುವುದು ನನಗೆ ಇನ್ನೂ ಬಗೆಹರಿದಿಲ್ಲ.

ಮುಂದಿನ ವಾರ ನಾನೇ ಅಪ್ಪನಿಗೆ ಅರ್ಜಿಯ ಆ ಪ್ರಶ್ನೆ ಕೇಳಿದೆ. ಜೆರುಸಲೇಮ್ ಅಂತಾರೆ ಅಂದುಕೊಂಡಿದ್ದೆ. "ಬಲ್ಮಠದಲ್ಲಿ ಒಂದು ಮೂರು ತಿಂಗಳು ಕೂರಬೇಕಿತ್ತು" ಅಂದರು. ಮಂಗಳೂರಿನ ಬಲ್ಮಠ! ಅಲ್ಲಿನ ಥಿಯೊಲಾಜಿಕಲ್ ಕಾಲೇಜಿನಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಕಾಲದ ಹಳೇ ಕಾಗದಪತ್ರಗಳಿವೆ. ಆ ಮಿಷನ್‌ನವರೇ ಆದ, 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ನಿಘಂಟು ಅಚ್ಚು ಮಾಡಿಸಿದ ಕಿಟೆಲ್, ಇವರ ಹೆಸರೆಲ್ಲ ನಮಗೆ ಗೊತ್ತು. ಇವರ ಜೊತೆ ಊರೂರು ಸುತ್ತಿದ ನಮ್ಮವರೇ ಆದ ಉಪದೇಶಿಗಳು ಯಾರ್ಯಾರು ಅಂತ ಅಪ್ಪನಿಗೆ ಹುಡುಕಬೇಕಿತ್ತಂತೆ. ಎರಡು ನೋಟ್‌ಬುಕ್ ತುಂಬ ಬರೆದಿಟ್ಟಿದ್ದಾರಂತೆ, ನನಗೆ ಗೊತ್ತೇ ಇರಲಿಲ್ಲ. ಹಾಸನದಲ್ಲಿ ಬೆಳಗ್ಗೆ ಬಸ್ ಹತ್ತಿ ಶಿರಾಡಿ ಘಾಟಿ ಇಳಿದರೆ ಮಧ್ಯಾಹ್ನದ ಊಟಕ್ಕೆ ಮಂಗಳೂರು. ಐವತ್ತು ಸಾವಿರ ಡಾಲರ್ ಯಾವ ಲೆಕ್ಕಕ್ಕೆ?

ಈಗ ಹೋಗಿ ಅಪ್ಪ, ರೂಮ್ ನಾನು ನೋಡ್ತೀನಿ ಅಂದೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ನೋಡೋಣ ಅಂತಿದ್ದಾರೆ. ಅಮ್ಮ ಮಾತ್ರ ಆಗಲೇ ನಿರ್ಧಾರ ಮಾಡಿಯಾಗಿದೆ. "ನಿಮ್ಮಪ್ಪ ಬಲ್ಮಠಕ್ಕಾದ್ರೂ ಹೋಗ್ಲಿ, ಎಲ್ಲಿಗಾದ್ರೂ ಹೋಗ್ಲಿ. ನಾನು ಮೈಸೂರಿಗೆ ನಮ್ಮಕ್ಕನ ಮನೆಗೆ ಹೋಗ್ತೀನಿ. ಮೂರು ತಿಂಗಳು ಒಬ್ಬರಿಗೂ ಕಾಫಿ ಮಾಡಲ್ಲ."